ಕರ್ನಾಟಕ ಟಿಇಟಿನಾ, ಸಿಟಿಇಟಿನಾ?

ಎರಡೂ ಶಿಕ್ಷಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳೇ; ಟಿಇಟಿ ರಾಜ್ಯದ್ದು, ಸಿಟಿಇಟಿ ಕೇಂದ್ರದ್ದು. ಎರಡರಲ್ಲೂ 150 ಪ್ರಶ್ನೆ, 150 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ 90 ಬಂದರೆ ಪಾಸ್. ಮತ್ತೆ ಗೊಂದಲ ಯಾಕೆ ಅಂತೀರಾ?

ರಾಜ್ಯದ ಸರ್ಕಾರಿ ಶಾಲೆಗೆ ಹೋಗಬೇಕಿದ್ದರೆ ಕರ್ನಾಟಕ ಟಿಇಟಿ. ಕೇಂದ್ರೀಯ ವಿದ್ಯಾಲಯ, ನವೋದಯದ ಮೇಲೆ ಕಣ್ಣಿದ್ದರೆ ಸಿಟಿಇಟಿ.

ನಿಜವಾದ ತಲೆನೋವು ಭಾಷೆಯದ್ದು. ಸಿಟಿಇಟಿಯಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಬಹುದು. ಆದರೆ ಗಣಿತ, ಶಿಶು ವಿಕಾಸದ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲೇ ಇರುತ್ತವೆ. ಮಕ್ಕಳ ಕಲಿಕೆಯ ಬಗ್ಗೆ ಬರೆದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿಯನ್ನು ಕನ್ನಡದಲ್ಲಿ ಚೆನ್ನಾಗಿ ಓದಿಕೊಂಡವರೂ ‘ಸ್ಕ್ಯಾಫೋಲ್ಡಿಂಗ್’ (ಕಲಿಯುವ ಮಗುವಿಗೆ ಕೊಡುವ ತಾತ್ಕಾಲಿಕ ಆಸರೆ) ಅನ್ನೋ ಪದ ಕಂಡು, ಗೊತ್ತಿರುವ ಉತ್ತರಕ್ಕೇ ತಡವರಿಸುತ್ತಾರೆ.

ಓದು? ಸಿಟಿಇಟಿಗೆ ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯಪುಸ್ತಕ, ಕರ್ನಾಟಕ ಟಿಇಟಿಗೆ ರಾಜ್ಯದ ಪಠ್ಯಪುಸ್ತಕ. ಬೋಧನಾಶಾಸ್ತ್ರದ ಭಾಗ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಕನ್ನಡ ಮಾಧ್ಯಮದವರು ರಾಜ್ಯದ್ದನ್ನು ಮೊದಲು ಬರೆಯಲಿ. ಸಿಟಿಇಟಿಗೆ ಆಮೇಲೆ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನಷ್ಟೇ ಜಾಸ್ತಿ ಓದಿಕೊಂಡರಾಯಿತು.