ಐದು ವರ್ಷ ಹೆಲ್ಪರ್ ಆಗಿದ್ದವನು ಐಟಿಐ ಸೇರಿದ ಮೇಲೆ

ಎಲೆಕ್ಟ್ರಿಷಿಯನ್ ಟ್ರೇಡಿಗೆ ನಾನು ಸೇರಿದ್ದು 26ನೇ ವಯಸ್ಸಿಗೆ. ಅದಕ್ಕೂ ಮುಂಚೆ ಐದು ವರ್ಷ ಒಬ್ಬ ಮೇಸ್ತ್ರಿ ಹತ್ತಿರ ಹೆಲ್ಪರ್ ಆಗಿದ್ದೆ. ಗೋಡೆ ಕೊರೆಯುವುದು, ಪೈಪ್ ಹಾಕುವುದು, ವೈರ್ ಎಳೆಯುವುದು ಎಲ್ಲಾ ಬರುತ್ತಿತ್ತು. ಆದರೆ ಸರ್ಟಿಫಿಕೇಟ್ ಇಲ್ಲದವನನ್ನು ಫ್ಯಾಕ್ಟರಿ ಗೇಟಿನಲ್ಲೇ ವಾಪಸ್ ಕಳಿಸುತ್ತಿದ್ದರು. ಅದಕ್ಕೇ ತಾಲೂಕಿನ ಸರ್ಕಾರಿ ಐಟಿಐಗೆ ಅರ್ಜಿ ಹಾಕಿದೆ. ಎರಡು ವರ್ಷದ ಕೋರ್ಸ್, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಇಪ್ಪತ್ತು ಜನರ ಬ್ಯಾಚಿನಲ್ಲಿ ನಾನೇ ಹಿರಿಯ. ಹುಡುಗರೆಲ್ಲ ಅಣ್ಣ ಅನ್ನುತ್ತಿದ್ದರು.

ಮೊದಲ ತಿಂಗಳುಗಳು ಬೇಜಾರು. ಕರೆಂಟ್ ಕೆಲಸ ಕಲಿಯಲು ಬಂದವನ ಕೈಗೆ ಅರ ಕೊಟ್ಟು, ಕಬ್ಬಿಣದ ಪಟ್ಟಿ ಉಜ್ಜು ಅಂದರು. ಉಜ್ಜಿದೆ.

ಆಮೇಲೆ ಅರ್ತಿಂಗ್ ಪಾಠ ಬಂತು, ಅಂದರೆ ಸೋರಿದ ಕರೆಂಟನ್ನು ಒಂದು ವೈರ್ ಮೂಲಕ ಭೂಮಿಗೆ ಕಳಿಸುವುದು. ಫೀಸೆಲ್ಲ ವಸೂಲಾಗಿದ್ದು ಆ ಒಂದು ದಿನದಲ್ಲೇ ಅಂತ ಈಗಲೂ ಹೇಳುತ್ತೇನೆ. ಎಷ್ಟೋ ಹಳೇ ಮನೆಗಳಲ್ಲಿ ಅರ್ತ್ ವೈರ್ ಇರುವುದಿಲ್ಲ, ವಾಷಿಂಗ್ ಮಷಿನ್ ಮುಟ್ಟಿದರೆ ಜುಂ ಅನ್ನುತ್ತದೆ. ನಮ್ಮ ಮೇಸ್ತ್ರಿ ಅದಕ್ಕೆ ಸಾಕೆಟ್ ಒಳಗೇ, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಲೂಪ್ ಮಾಡುತ್ತಿದ್ದರು. ಜುಂ ನಿಲ್ಲುತ್ತಿತ್ತು. ಮನೆಯವರಿಗೂ ಖುಷಿ. ನಾನೂ ಅದನ್ನೇ ಕಲಿತಿದ್ದೆ, ಎಷ್ಟೋ ಮನೆಗಳಲ್ಲಿ ಮಾಡಿದ್ದೆ. ಸರ್ ಬೋರ್ಡಿನ ಮೇಲೆ ಅದೇ ಸರ್ಕ್ಯೂಟ್ ಬರೆದು, ನ್ಯೂಟ್ರಲ್ ಲೈನನ್ನು ಸಾಕೆಟ್‌ಗೂ ಮುಂಚೆ ಒಂದು ಕಡೆ ಅಳಿಸಿದರು. ‘ಈಗ ಇಲ್ಲಿ ಕಟ್ ಆಯ್ತು. ಫೇಸ್ ಮಷಿನ್ ಒಳಗಿಂದ ಬಂದು ಎಲ್ಲಿಗೆ ಹೋಗುತ್ತೆ?’ ಅಂದರು. ಆ ಲೂಪಿನಿಂದ ಸೀದಾ ಮಷಿನ್ನಿನ ಬಾಡಿಗೆ. ಪೂರ್ತಿ 230 ವೋಲ್ಟ್.

ಇನ್ನೊಂದು ವಿಷಯವೂ ಆವತ್ತೇ ಅರ್ಥವಾಯಿತು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್) ಇರುವ ಮನೆಯಲ್ಲಿ, ಅರ್ತ್ ವೈರ್ ಇದ್ದೂ ಹೀಗೆ ಲೂಪ್ ಮಾಡಿದರೆ, ವಾಪಸ್ ಕರೆಂಟಿನಲ್ಲಿ ಸ್ವಲ್ಪ ಅರ್ತ್ ವೈರಿನಲ್ಲಿ ಹೋಗಿ, ಮಷಿನ್ ಆನ್ ಮಾಡುತ್ತಿದ್ದಂತೆ ಟ್ರಿಪ್ ಆಗುತ್ತಿತ್ತು. ಹೋಗುವ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ವಾಪಸ್ ಬರುವ ಕರೆಂಟಿಗೂ 30 ಮಿಲಿ ಆಂಪ್ ವ್ಯತ್ಯಾಸ ಬಂದರೆ ಅದು ಬೀಳಲೇಬೇಕು. ಮೇಸ್ತ್ರಿ ಮಾತ್ರ ‘ಮಾಲು ಸರಿ ಇಲ್ಲ’ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಬಿಡುತ್ತಿದ್ದರು!

ರಾತ್ರಿ ನೋಟ್‌ಬುಕ್ಕಿನಲ್ಲಿ ಮನೆಗಳ ಪಟ್ಟಿ ಬರೆದೆ. ನೆನಪಿಗೆ ಬಂದಿದ್ದು ಹನ್ನೊಂದು. ನಾಲ್ಕು ಭಾನುವಾರ ತಮ್ಮನ ಬೈಕ್ ತಗೊಂಡು ಹೋಗಿ ಲೂಪ್ ಕಿತ್ತು, ಒಪ್ಪಿದವರ ಮನೆಗೆ ಅರ್ತ್ ವೈರ್ ಎಳೆದುಕೊಟ್ಟೆ. ಒಬ್ಬ ಅಜ್ಜಿ ‘ಏನಪ್ಪಾ, ಇದು ನೀನೇ ಹಾಕಿದ್ದಲ್ವಾ?’ ಅಂದರು. ಹೌದು ಅಜ್ಜಿ ಅಂದೆ, ಇನ್ನೇನು ಹೇಳಲಿ. ಮೇಸ್ತ್ರಿಗೂ ಹೇಳಿದೆ. ಅವರು ನಕ್ಕರು, ‘ಮೂವತ್ತು ವರ್ಷದಿಂದ ಯಾರಿಗೂ ಏನೂ ಆಗಿಲ್ಲ ಕಣೋ.’

ಇನ್ನು ಕೊರತೆ. ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಎರಡಿತ್ತು, ಕೆಲಸ ಮಾಡುತ್ತಿದ್ದದ್ದು ಒಂದು. ಮೋಟಾರ್ ರಿವೈಂಡಿಂಗ್ ಕಲಿತಿದ್ದು ಜಾಸ್ತಿ ಬೋರ್ಡಿನ ಮೇಲೆಯೇ. ನಾವೇ ಮನೆಯಿಂದ ಸುಟ್ಟ ಸೀಲಿಂಗ್ ಫ್ಯಾನ್ ತಂದು ಕಾಯಿಲ್ ಸುತ್ತಿದೆವು. ದೊಡ್ಡ ಮೋಟಾರನ್ನು ಕಡಿಮೆ ಕರೆಂಟಿನಲ್ಲಿ ಸ್ಟಾರ್ಟ್ ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಮಾತ್ರ ಬಿಚ್ಚಿ, ಜೋಡಿಸಿ, ಚೆನ್ನಾಗಿ ಮಾಡಿಸಿದರು. ತೆಂಗಿನ ತೋಟದ ಮೋಟಾರ್ ಪ್ಯಾನೆಲ್ ರಿಪೇರಿಗೆ ಈಗ ಧೈರ್ಯವಾಗಿ ಕೈ ಹಾಕುತ್ತೇನೆ ಅಂದರೆ ಅದರಿಂದಲೇ. ವೈರಿಂಗ್ ಪ್ರಾಕ್ಟಿಕಲ್ ನಡೆಯುವುದು ಮರದ ಹಲಗೆ ಮೇಲೆ. ಒಂದೇ ಲೈಟನ್ನು ಮೆಟ್ಟಿಲಿನ ಮೇಲಿಂದಲೂ ಕೆಳಗಿಂದಲೂ ಹಾಕಿ ಆರಿಸುವ, ಎರಡು ಟೂ-ವೇ ಸ್ವಿಚ್ಚಿನ ಸ್ಟೇರ್‌ಕೇಸ್ ಸರ್ಕ್ಯೂಟನ್ನು ಹುಡುಗರು ಕಣ್ಣು ಮುಚ್ಚಿ ಮಾಡುತ್ತಿದ್ದರು. ಅದೇ ಹುಡುಗರು ಸೈಟಿನಲ್ಲಿ ಏಣಿ ಹತ್ತಲು ಹೆದರಿದ್ದನ್ನೂ ನೋಡಿದ್ದೇನೆ. ಸ್ಲ್ಯಾಬ್ ಹಾಕುವ ಮುಂಚೆ ಪೈಪ್ ಬಿಡುವುದು, ಎಸ್ಟಿಮೇಟ್ ಕೊಡುವುದು, ಬಾಕಿ ಹಣ ವಸೂಲಿ ಮಾಡುವುದು, ಇದು ಯಾವುದೂ ಅಲ್ಲಿ ಸಿಗುವುದಿಲ್ಲ.

ಹತ್ತನೇ ಕ್ಲಾಸ್ ಮುಗಿಸಿ ಸೀದಾ ಸೇರುವವರು ರಜೆಯಲ್ಲಿ ಸುಮ್ನೆ ಕೂರಬೇಡಿ, ಯಾರಾದರೂ ಮೇಸ್ತ್ರಿ ಜೊತೆ ಸೈಟಿಗೆ ಹೋಗಿ. ಲೂಪ್ ಮಾಡು ಅಂದರೆ ಮಾತ್ರ ಮಾಡಬೇಡಿ. ನನಗೆ ಖರ್ಚಾಗಿದ್ದು ಫೀಸಿಗಿಂತ ಬಸ್ಸು, ಬೂಟು, ಟೂಲ್ಸಿಗೆ ಜಾಸ್ತಿ. ಸೇರುವ ಮುಂಚೆ ಒಂದು ದಿನ ವರ್ಕ್‌ಶಾಪ್ ನೋಡಿಬನ್ನಿ. ಮೆಗ್ಗರ್ ಎಷ್ಟಿದೆ, ಎಷ್ಟು ನಡೆಯುತ್ತೆ ಅಂತ ಕೇಳಿ. ಆಫೀಸಿನಲ್ಲಿ ಕೇಳಬೇಡಿ, ಎರಡನೇ ವರ್ಷದ ಹುಡುಗರನ್ನು ಕೇಳಿ.