ಓಣಿಯಲ್ಲಿ ದೀಪವಿರುವ ಒಂದೇ ಮನೆ: ರಾಯಚೂರಿನಲ್ಲಿ ನೋಡಿದ ‘ಕೊಹಿರೆನ್ಸ್’

ಕಳೆದ ಬೇಸಿಗೆಯ ಒಂದು ರಾತ್ರಿ ರಾಯಚೂರಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ಸುಣ್ಣ ಹೊಡೆದ ಗೋಡೆಯನ್ನೇ ಪರದೆ ಮಾಡಿಕೊಂಡು, ನಾವು ಆರು ಜನ ‘ಕೊಹಿರೆನ್ಸ್’ ಎಂಬ ಅಮೆರಿಕದ ಚಿತ್ರವನ್ನು ನೋಡಿದೆವು. ನಾನು ಅದಕ್ಕೂ ಮೊದಲು ಅದನ್ನು ಒಬ್ಬನೇ ಒಮ್ಮೆ ನೋಡಿದ್ದೆ. ಆದರೆ ಇಂತಹ ಚಿತ್ರದ ಬೆಲೆ ಗೊತ್ತಾಗುವುದು ಅದು ಮುಗಿದ ಮೇಲೆ ಎದ್ದೇಳುವ ವಾದದಲ್ಲಿ ಎಂದು ನನಗೆ ಅನಿಸಿತ್ತು. ಆ ಕಾರಣದಿಂದಲೇ ಉಳಿದ ಐವರನ್ನು ಕರೆದು ಕೂರಿಸಿದೆ. ಈ ಬರಹದಲ್ಲಿ ನನ್ನ ಅಭಿಪ್ರಾಯದಷ್ಟೇ ಅವರ ಅಭಿಪ್ರಾಯಗಳೂ ಇವೆ, ಅವುಗಳಲ್ಲಿ ಕೆಲವನ್ನು ನಾನು ಒಪ್ಪುವುದಿಲ್ಲ.

ಚಿತ್ರ ಮೊದಲು ತೆರೆಕಂಡದ್ದು 2013ರಲ್ಲಿ. ನಿರ್ದೇಶಕ ಜೇಮ್ಸ್ ವಾರ್ಡ್ ಬೈರ್ಕಿಟ್ ಅವರಿಗೆ ಇದು ಮೊದಲ ಪೂರ್ಣ ಪ್ರಮಾಣದ ಚಿತ್ರ. ತಮ್ಮ ಸ್ವಂತ ಮನೆಯಲ್ಲೇ ಐದು ರಾತ್ರಿಗಳಲ್ಲಿ ಚಿತ್ರೀಕರಣ ಮುಗಿಸಿದ ಅವರಿಗೆ ತಗಲಿದ ವೆಚ್ಚ ಸುಮಾರು 50 ಸಾವಿರ ಡಾಲರ್, ಅಂದರೆ ಆಗಿನ ದರದಲ್ಲಿ ನಮ್ಮ 30 ಲಕ್ಷ ರೂಪಾಯಿಯ ಆಸುಪಾಸು. ಅವಧಿ 89 ನಿಮಿಷ. ಕಥೆಯ ತಿರುವುಗಳನ್ನು ಬೈರ್ಕಿಟ್ ಬಹಳ ದಿನ ಕುಳಿತು ಹೆಣೆದಿದ್ದರೂ ನಟರ ಕೈಗೆ ಸಂಭಾಷಣೆ ಬರೆದ ಚಿತ್ರಕಥೆಯನ್ನು ಕೊಡಲಿಲ್ಲ. ಆಯಾ ದಿನ ಒಬ್ಬೊಬ್ಬರಿಗೂ ಅವರವರ ಪಾತ್ರಕ್ಕೆ ಬೇಕಾದಷ್ಟನ್ನು ಮಾತ್ರ ಚೀಟಿಯಲ್ಲಿ ಬರೆದುಕೊಟ್ಟರು. ಪಕ್ಕದವನ ಚೀಟಿಯಲ್ಲಿ ಏನಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ಬಾಗಿಲು ಬಡಿದ ಸದ್ದಿಗೆ ಎಂಟು ಮಂದಿಯೂ ಬೆಚ್ಚಿ ತಿರುಗುವಾಗ ನಮಗೆ ಕಾಣುವ ಬೆಚ್ಚುವಿಕೆಯಲ್ಲಿ ಒಂದು ಪಾಲು ನಿಜದ್ದೇ.

ಕಥೆಯ ಆರಂಭವನ್ನಷ್ಟೇ ಹೇಳುತ್ತೇನೆ. ಎಂಟು ಜನ ಗೆಳೆಯರು ಒಂದು ಮನೆಯಲ್ಲಿ ರಾತ್ರಿಯೂಟಕ್ಕೆ ಸೇರುತ್ತಾರೆ. ಆಕಾಶದಲ್ಲಿ ಧೂಮಕೇತುವೊಂದು ಭೂಮಿಗೆ ಸಮೀಪದಲ್ಲಿ ಹಾದುಹೋಗುತ್ತಿದೆ. ಫೋನಿನ ಗಾಜು ತಾನಾಗಿಯೇ ಬಿರುಕು ಬಿಡುತ್ತದೆ, ನೆಟ್‌ವರ್ಕ್ ಹೋಗುತ್ತದೆ, ನಂತರ ಕರೆಂಟ್ ಹೋಗುತ್ತದೆ. ಹೊರಗೆ ಇಣುಕಿದರೆ ಇಡೀ ಓಣಿ ಕತ್ತಲಾಗಿದ್ದು, ದೂರದಲ್ಲಿ ಒಂದೇ ಒಂದು ಮನೆಯಲ್ಲಿ ದೀಪಗಳು ಉರಿಯುತ್ತಿವೆ. ಅಲ್ಲಿ ಫೋನ್ ಸಿಗಬಹುದೆಂದು ಇಬ್ಬರು ಹೊರಡುತ್ತಾರೆ. ಮರಳಿ ಬರುವಾಗ ಒಬ್ಬನ ಹಣೆಯಲ್ಲಿ ಗಾಯವಿರುತ್ತದೆ, ಜೊತೆಗೆ ಬೀಗ ಹಾಕಿದ ಒಂದು ಪೆಟ್ಟಿಗೆ ಬಂದಿರುತ್ತದೆ. ಆ ಪೆಟ್ಟಿಗೆಯೊಳಗೆ ಇರುವುದು ಈ ಎಂಟು ಜನರದೇ ಭಾವಚಿತ್ರಗಳು, ಪ್ರತಿಯೊಂದರ ಹಿಂಬದಿಗೂ ಒಂದೊಂದು ಅಂಕಿ.

ಈ ಸನ್ನಿವೇಶ ನಮ್ಮ ಊರಿನವರಿಗೆ ತಾಗುವ ಬಗೆಯೇ ಬೇರೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವನ್ನು ಇಟ್ಟುಕೊಂಡೂ ಬೇಸಿಗೆಯ ರಾತ್ರಿಗಳನ್ನು ಕತ್ತಲಲ್ಲಿ ಕಳೆದ ನೆನಪು ನಮ್ಮಲ್ಲಿ ಬಹುತೇಕರಿಗೆ ಇದೆ. ಓಣಿಯೆಲ್ಲ ಕತ್ತಲಾಗಿ ಒಂದೇ ಮನೆಯಲ್ಲಿ ಬೆಳಕು ಕಂಡಾಗ ಮೂಡುವ ಆಸೆ, ಅನುಮಾನ ಎರಡನ್ನೂ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆ ಕೇಂದ್ರದಲ್ಲಿ ಹಲವು ವರ್ಷ ದುಡಿದು ನಿವೃತ್ತರಾದ ನಮ್ಮ ಭಾವ ಆ ದೃಶ್ಯ ಬರುತ್ತಲೇ ನೆಟ್ಟಗೆ ಕುಳಿತರು. “ಓಣಿಗೆಲ್ಲಾ ಕರೆಂಟ್ ಹೋದಮ್ಯಾಲ ಆ ಒಂದ್ ಮನಿಗೆ ಹ್ಯಾಂಗ ಬಂತು? ಜನರೇಟರ್ ಇದ್ರ ಸಪ್ಪಳ ಕೇಳಬೇಕಲ್ಲ?” ಎಂದು ಕೇಳಿದರು. ಪಾತ್ರಗಳು ಆತುರದಲ್ಲಿ ಬಿಟ್ಟುಬಿಡುವ ಪ್ರಶ್ನೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಚಿತ್ರದಲ್ಲಿ ದೃಶ್ಯದ ನಡುವೆಯೇ ಪರದೆ ಕ್ಷಣಕಾಲ ಪೂರ್ತಿ ಕಪ್ಪಾಗುವ ಒಂದು ಕ್ರಮವಿದೆ. ಮೊದಲ ಸಲ ಹಾಗಾದಾಗ ನಿಜಕ್ಕೂ ಕರೆಂಟ್ ಹೋಯಿತೆಂದು ಎದ್ದು ಇನ್ವರ್ಟರ್ ನೋಡಲು ಹೋದವರೂ ಅವರೇ. ಆ ಕಪ್ಪು ಬರಿಯ ಅಲಂಕಾರವಲ್ಲ, ಅದರ ಆಚೆಗೂ ಈಚೆಗೂ ಇರುವುದು ಒಂದೇ ಕೋಣೆಯೋ ಅಲ್ಲವೋ ಎಂಬ ಶಂಕೆಯನ್ನು ಅದು ಬಿತ್ತುತ್ತದೆ ಎಂಬುದು ನನಗೆ ಹೊಳೆದದ್ದು ಎರಡನೆಯ ನೋಟದಲ್ಲಿ.

ಭೌತಶಾಸ್ತ್ರ ಕಲಿಸುವ ಗೆಳೆಯರೊಬ್ಬರು ನಮ್ಮೊಡನಿದ್ದರು. ಚಿತ್ರವನ್ನು ಮೆಚ್ಚಿದರೂ ಅವರ ಆಕ್ಷೇಪವೇ ಎಲ್ಲರದಕ್ಕಿಂತ ಗಟ್ಟಿಯಾಗಿತ್ತು. ಪೆಟ್ಟಿಗೆ ತೆರೆಯುವವರೆಗೆ ಬೆಕ್ಕು ಬದುಕಿಯೂ ಇದೆ, ಸತ್ತೂ ಇದೆ ಎನ್ನುವ, ಭೌತವಿಜ್ಞಾನಿ ಶ್ರೋಡಿಂಗರ್ ಅವರ ಪ್ರಸಿದ್ಧ ಉದಾಹರಣೆಯನ್ನು ಪಾತ್ರಗಳು ಊಟದ ಮೇಜಿನ ಸುತ್ತ ಚರ್ಚಿಸುತ್ತವೆ. ಶ್ರೋಡಿಂಗರ್ 1935ರಲ್ಲಿ ಅದನ್ನು ಮುಂದಿಟ್ಟದ್ದು ಬೆಕ್ಕು ನಿಜವಾಗಿ ಹಾಗಿರುತ್ತದೆ ಎಂದು ಸಾಧಿಸುವುದಕ್ಕಲ್ಲ, ಅಣುಮಟ್ಟದ ನಿಯಮವನ್ನು ದಿನಬಳಕೆಯ ವಸ್ತುಗಳಿಗೆ ನೇರವಾಗಿ ಹಚ್ಚಿದರೆ ಎಂತಹ ಅಸಂಗತಕ್ಕೆ ಬಂದು ನಿಲ್ಲುತ್ತೇವೆ ಎಂದು ತೋರಿಸುವುದಕ್ಕೆ. ಚಿತ್ರ ಅದನ್ನು ತಿರುವಿಹಾಕಿ ಬಳಸಿಕೊಂಡಿದೆ ಎಂಬುದು ಅವರ ಮಾತು, ಅದು ಸರಿಯೂ ಹೌದು. ಇದಕ್ಕೆ ನನ್ನದೊಂದು ದೂರನ್ನೂ ಸೇರಿಸುತ್ತೇನೆ. ಪಾತ್ರವೊಂದರ ಸಹೋದರ ಭೌತವಿಜ್ಞಾನಿಯಾಗಿರುವುದು, ಬೇಕಾದ ಹೊತ್ತಿಗೆ ಅವನ ಪುಸ್ತಕ ಹೊರಗೆ ನಿಂತ ಕಾರಿನಲ್ಲೇ ಸಿಗುವುದು, ಅದನ್ನು ತಂದು ಓದಿ ಹೇಳುವುದು, ಇವೆಲ್ಲ ಕಥೆಗೆ ಅತಿಯಾಗಿ ಅನುಕೂಲವಾಗಿವೆ. ಉಳಿದೆಲ್ಲ ಕಡೆ ಪ್ರೇಕ್ಷಕರ ಬುದ್ಧಿಯನ್ನು ನಂಬಿದ ನಿರ್ದೇಶಕರು ಇಲ್ಲಿ ಮಾತ್ರ ಯಾಕೋ ನಂಬಲಿಲ್ಲ.

ಚಿತ್ರದ ಜೀವನಾಡಿಯನ್ನು ಮೊದಲು ಹಿಡಿದವರು ಎದುರು ಮನೆಯವರು. ಹತ್ತಿ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ನಡೆಸುವ ಅವರು ಇಂಗ್ಲಿಷ್ ಸಂಭಾಷಣೆಯ ಅರ್ಧದಷ್ಟನ್ನೂ ಹಿಂಬಾಲಿಸಿರಲಿಲ್ಲ. ಆದರೂ ಭಾವಚಿತ್ರಗಳ ಹಿಂದಿನ ಅಂಕಿ ಕಂಡ ಕೂಡಲೇ “ಇದು ಲಾಟ್ ನಂಬರ್” ಎಂದರು. ಒಂದೇ ತರಹದ ಹತ್ತಿಯ ರಾಶಿಗಳು ಅಕ್ಕಪಕ್ಕ ಬಿದ್ದಾಗ ಯಾವುದು ಯಾರದ್ದೆಂದು ಕಣ್ಣಿನಿಂದ ಹೇಳಲಾಗುವುದಿಲ್ಲ, ಅದಕ್ಕಾಗಿಯೇ ಅಂಕಿ ಹಾಕುತ್ತಾರೆ, ಇವರೂ ತಮ್ಮನ್ನು ಗುರುತಿಸಿಕೊಳ್ಳಲು ಅಂಕಿ ಹಾಕಿಕೊಂಡಿದ್ದಾರೆ ಎಂದರೆ ಇಂಥವರೇ ಇನ್ನೊಂದು ಗುಂಪು ಎಲ್ಲೋ ಇದೆ ಎಂದರ್ಥ, ಎಂದು ಅವರು ವಿವರಿಸಿದಾಗ ಭೌತಶಾಸ್ತ್ರದ ಗೆಳೆಯರೂ ಸುಮ್ಮನೆ ತಲೆದೂಗಿದರು. ಪಾತ್ರಗಳು ಈ ತೀರ್ಮಾನಕ್ಕೆ ಬರುವುದು ಅದಾಗಿ ಎಷ್ಟೋ ಹೊತ್ತಿನ ಮೇಲೆ. ಅರ್ಥವೇ ಆಗುವುದಿಲ್ಲ ಎಂದು ಈ ಚಿತ್ರದ ಮೇಲೆ ದೂರುವವರು ಇದನ್ನು ಗಮನಿಸಬೇಕು. ಕತ್ತಲಲ್ಲಿ ಹೊಳೆಯುವ ಕಡ್ಡಿಗಳ ನೀಲಿ, ಕೆಂಪು, ಹಸಿರು ಬಣ್ಣಗಳು, ಗಾಯಕ್ಕೆ ಅಂಟಿಸಿದ ಪಟ್ಟಿ, ಒಡೆದ ಫೋನು, ಹೀಗೆ ಬೇಕಾದ ಎಲ್ಲ ಸಾಕ್ಷ್ಯವನ್ನೂ ಚಿತ್ರ ನಮ್ಮ ಕಣ್ಣ ಮುಂದೆಯೇ ಇಡುತ್ತದೆ.

ನಮ್ಮ ದೊಡ್ಡವ್ವ ಇಂಗ್ಲಿಷ್ ಅರಿಯದವರು, ಅಕ್ಕನ ಮಗಳು ಅವರ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತ ಹೋದಳು. ಧೂಮಕೇತು ಹಾದುಹೋಗುವಾಗ ಜನ ಬಾಗಿಲು ಹಾಕಿಕೊಂಡು ಕೂರುವುದನ್ನು ಕಂಡು ಅವರು 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣವನ್ನು ನೆನೆದರು. ಆ ಮಧ್ಯಾಹ್ನ ನಮ್ಮ ಜಿಲ್ಲೆಯ ಮೇಲೆ ಪೂರ್ಣ ನೆರಳು ಬಿದ್ದಿತ್ತು, ಜವಳಗೇರಾದಲ್ಲಿ ವಿಜ್ಞಾನಿಗಳು ದೂರದರ್ಶಕಗಳನ್ನು ಹೂಡಿ ಬೀಡುಬಿಟ್ಟಿದ್ದರು. ಊರೊಳಗೆ ಮಾತ್ರ ಬೀದಿಗಳು ಖಾಲಿಯಾಗಿದ್ದವು. “ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ವಿ, ಹೊರಗ ಯಾರರ ನಡದ್ರೂ ಎದಿ ಝಲ್ ಅಂತಿತ್ತು” ಎಂದರು. ಚಿತ್ರ ಅರ್ಧ ದಾಟಿದ ಮೇಲೆ, ಹೊರಗೆ ಹೋಗಿ ಒಳಗೆ ಬಂದ ಹೆಣ್ಣೊಬ್ಬಳನ್ನು ತೋರಿಸಿ ಅವರು ಕೇಳಿದ ಪ್ರಶ್ನೆ: “ಈಕಿ ಮದಲಿನಾಕೀನೇ ಏನು?” ಆ ರಾತ್ರಿಯ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬರಲಿಲ್ಲ. ಈ ಚಿತ್ರದಲ್ಲಿ ಭೂತವಿಲ್ಲ, ಕೊಲೆಗಡುಕನಿಲ್ಲ. ಇಷ್ಟು ಹೊತ್ತು ಒಂದೇ ಮೇಜಿನಲ್ಲಿ ಉಂಡ ಗೆಳತಿಯ ಮುಖವನ್ನು ನೋಡಿ ಇವಳು ಅವಳೇ ಹೌದೇ ಎಂದು ಕೇಳಿಕೊಳ್ಳಬೇಕಾಗಿ ಬರುವುದೇ ಇದರ ಭಯ. ಹಳೆಯ ಪ್ರೇಮ, ಬಚ್ಚಿಟ್ಟ ಅಸಮಾಧಾನ, ಕುಡಿತದ ಚಟ, ಇವೆಲ್ಲ ಧೂಮಕೇತು ಬರುವ ಮೊದಲೇ ಆ ಮನೆಯಲ್ಲಿದ್ದವು ಎಂಬುದನ್ನು ಆರಂಭದ ಹರಟೆಯಲ್ಲೇ ತಿಳಿಸಿರುವುದು ನಿರ್ದೇಶಕರ ಜಾಣತನ. ‘ಎಂ’ ಎಂಬ ಹೆಸರಿನ ಮುಖ್ಯ ಪಾತ್ರದ ಎಮಿಲಿ ಬಾಲ್ಡೋನಿ ಈ ಭಾರವನ್ನು ಹೊತ್ತ ರೀತಿ ಬಹಳ ದಿನ ನೆನಪಿನಲ್ಲಿ ಉಳಿಯುತ್ತದೆ. ಅವರು ಹೆಚ್ಚು ಮಾತಾಡದೆ ಉಳಿದವರನ್ನು ಗಮನಿಸುತ್ತ ನಿಲ್ಲುತ್ತಾರೆ, ಆ ಗಮನಿಸುವಿಕೆ ನಿಧಾನವಾಗಿ ಲೆಕ್ಕಾಚಾರವಾಗುವುದನ್ನು ಕಣ್ಣುಗಳಲ್ಲೇ ತೋರಿಸುತ್ತಾರೆ.

ಮೊದಲ ಇಪ್ಪತ್ತು ನಿಮಿಷಗಳ ಬಗ್ಗೆ ಎಲ್ಲರೂ ಬೇಸರಪಟ್ಟರು. ಎಂಟೂ ಜನ ಒಮ್ಮೆಗೇ ಮಾತಾಡುತ್ತಾರೆ, ಕೈಯಲ್ಲಿ ಹಿಡಿದ ಕ್ಯಾಮೆರಾ ಒಂದು ಮುಖದಿಂದ ಇನ್ನೊಂದಕ್ಕೆ ಹಾರುತ್ತದೆ, ಕೆಲವೊಮ್ಮೆ ಚಿತ್ರ ಮಸುಕಾಗಿಯೇ ಉಳಿಯುತ್ತದೆ. ನಾವು ನೋಡಿದ ಪ್ರತಿಯಲ್ಲಿ ಇದ್ದದ್ದು ಇಂಗ್ಲಿಷ್ ಅಡಿಬರಹ ಮಾತ್ರ, ಓದಿ ಮುಗಿಸುವಷ್ಟರಲ್ಲಿ ಮಾತು ಬೇರೆಯವರದ್ದಾಗಿರುತ್ತಿತ್ತು. ಹಿರಿಯರಿಗೆ ಇದು ನಿಜವಾದ ತೊಂದರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಖರ್ಚು ಕಡಿಮೆಯಾದ್ದರಿಂದ ಹೀಗಾಗಿದೆ, ಅಷ್ಟು ದುಡ್ಡಿಗೆ ಇಷ್ಟು ಸಾಕು ಎಂದು ಭಾವ ಹೇಳಿದ್ದನ್ನು ಒಪ್ಪಲಾರೆ. ಬಡತನಕ್ಕೆ ಕನಿಕರಪಟ್ಟು ಮೆಚ್ಚಬೇಕಾದ ಚಿತ್ರ ಇದಲ್ಲ. ಒಂದೇ ಮನೆಯಲ್ಲಿ ಚಿತ್ರೀಕರಿಸಿದ್ದು ದುಡ್ಡಿಲ್ಲದ್ದಕ್ಕಾಗಿ ಇರಬಹುದು, ಆದರೆ ಒಂದೇ ಮನೆಗೆ ಮತ್ತೆ ಮತ್ತೆ ಮರಳುವುದೇ ಕಥೆಯಾಗಿರುವಾಗ ಕೋಟಿಗಟ್ಟಲೆ ಸುರಿದಿದ್ದರೂ ಎರಡನೆಯ ಮನೆಯ ಅಗತ್ಯ ಬೀಳುತ್ತಿರಲಿಲ್ಲ.

ಕೊನೆಯ ಹದಿನೈದು ನಿಮಿಷಗಳ ಬಗ್ಗೆ ನಾವು ಇಬ್ಭಾಗವಾದೆವು. ಎಂ ತೆಗೆದುಕೊಳ್ಳುವ ನಿರ್ಧಾರ ಅವಳ ಸ್ವಭಾವಕ್ಕೆ ಹೊಂದುವುದಿಲ್ಲವೆಂದು ಗೆಳೆಯರೂ ಎದುರು ಮನೆಯವರೂ ವಾದಿಸಿದರೆ, ಆರಂಭದಲ್ಲಿ ಅವಳು ಕೈಬಿಟ್ಟ ಅವಕಾಶವೊಂದರ ಕಥೆಯನ್ನು ನೆನಪಿಸಿ ಅಕ್ಕನ ಮಗಳು ಅದನ್ನು ಸಮರ್ಥಿಸಿದಳು. ನಾನು ಅವಳ ಪರ. ಆದರೂ ಆ ಭಾಗ ಇನ್ನೂ ಐದು ನಿಮಿಷ ದೀರ್ಘವಾಗಿದ್ದರೆ ನಿರ್ಧಾರದ ಹಿಂದಿನ ಸಂಕಟ ನಮಗೂ ತಟ್ಟುತ್ತಿತ್ತು. ಕೊನೆಯ ಫೋನ್ ಕರೆಯ ದೃಶ್ಯದಲ್ಲಿ ಮಾತ್ರ ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಿದ್ದರು.

ನೋಡಬಯಸುವವರು ಫೋನುಗಳನ್ನು ಬದಿಗಿಟ್ಟು, ದೀಪ ಆರಿಸಿ, ನಾಲ್ಕಾರು ಜನ ಸೇರಿ ಒಂದೇ ಕೂರಿಕೆಯಲ್ಲಿ ನೋಡಿರಿ. ಯಾರು ಯಾವಾಗ ಮನೆಯಿಂದ ಹೊರಗೆ ಹೋದರು, ಕೈಯಲ್ಲಿ ಯಾವ ಬಣ್ಣದ ಕಡ್ಡಿಯಿತ್ತು ಎಂಬುದರ ಮೇಲೆ ಒಂದು ಕಣ್ಣಿರಲಿ. ಅಕ್ಕನ ಮಗಳು ಮರುದಿನವೇ ಚಿತ್ರವನ್ನು ಮತ್ತೆ ಹಾಕಿಕೊಂಡು ನೋಟುಪುಸ್ತಕದಲ್ಲಿ ಪಟ್ಟಿ ಮಾಡಿದಳು. ಆ ಪಟ್ಟಿಯ ಪ್ರಕಾರ ಚಿತ್ರ ಅರ್ಧಕ್ಕೆ ಬರುವ ಹೊತ್ತಿಗೆ ಮೇಜಿನ ಸುತ್ತ ಕುಳಿತವರಲ್ಲಿ ಮೊದಲಿನಿಂದಲೂ ಅದೇ ಮನೆಯಲ್ಲಿದ್ದವರು ಎಷ್ಟು ಮಂದಿ ಎಂಬ ಲೆಕ್ಕದಲ್ಲಿ ಅವಳಿಗೂ ಭೌತಶಾಸ್ತ್ರದ ಗೆಳೆಯರಿಗೂ ಈಗಲೂ ಒಬ್ಬರ ವ್ಯತ್ಯಾಸ ಉಳಿದಿದೆ.