ಪಿಎಸ್4 ಅಂಕ ತೋರಿಸಿ ಪಿಸಿ ಗೇಮ್ ಮಾರುತ್ತಾರೆ, ಹುಷಾರ್

ಸೂಪರ್‌ಹೀರೋ ಗೇಮ್ ಅಂದ ಕೂಡಲೇ ಮುಂಗಡ ಕೊಟ್ಟು ಬುಕ್ ಮಾಡುವವರು ಇದನ್ನು ಓದಿ. ವಿಷಯ 2015ರದ್ದು, ಆದರೆ ಈ ಥರದ ವ್ಯಾಪಾರ ಇನ್ನೂ ನಿಂತಿಲ್ಲ.

‘ಬ್ಯಾಟ್‌ಮ್ಯಾನ್: ಅರ್ಕಮ್ ನೈಟ್’ ಆ ವರ್ಷ ಜೂನ್ 23ಕ್ಕೆ ಬಿಡುಗಡೆಯಾಯಿತು. ವಿಮರ್ಶೆಗಳು ಕೆಲವು ದಿನ ಮೊದಲೇ ಬಂದಿದ್ದವು. ಮಳೆಯಲ್ಲಿ ತೊಯ್ದ ಗಾಥಮ್ ನಗರ, ಹೊಡೆದಾಟದ ಲಯ, ಬ್ಯಾಟ್‌ಮ್ಯಾನ್‌ಗೆ ಕೆವಿನ್ ಕಾನ್ರಾಯ್ ಕೊಟ್ಟ ಧ್ವನಿ, ಎಲ್ಲದಕ್ಕೂ ಹೊಗಳಿಕೆ. ಬ್ಯಾಟ್‌ಮ್ಯಾನ್ ಕಾರು ಬ್ಯಾಟ್‌ಮೊಬೈಲ್ ಓಡಿಸುವುದು, ಅದರಲ್ಲೇ ಟ್ಯಾಂಕ್‌ಗಳ ಜೊತೆ ಕಾದಾಡುವುದು ಜಾಸ್ತಿಯಾಯಿತು ಅನ್ನುವುದೇ ದೊಡ್ಡ ದೂರು. ಅದು ನ್ಯಾಯವಾದ ದೂರೇ ಬಿಡಿ.

ನಾನು ಪಿಸಿ ಡಿಸ್ಕ್ ಬುಕ್ ಮಾಡಿದ್ದ ಅಂಗಡಿಯಲ್ಲಿ ಈ ವಿಮರ್ಶೆಗಳ ಅಂಕಗಳನ್ನು ಪ್ರಿಂಟ್ ತೆಗೆದು ಗಾಜಿಗೆ ಅಂಟಿಸಿದ್ದರು. ಅಂಗಡಿ ಹೆಸರು ಬೇಡ. ಆ ಹಾಳೆಯಲ್ಲಿ ಒಂದು ಮಾತು ಮಾತ್ರ ಇರಲಿಲ್ಲ: ಮೊದಲು ಬಂದ ಆ ವಿಮರ್ಶೆಗಳೆಲ್ಲ ಪಿಎಸ್4ರಲ್ಲಿ (ಟಿವಿಗೆ ಜೋಡಿಸಿ ಆಡುವ ಸೋನಿ ಕನ್ಸೋಲ್) ಆಡಿ ಬರೆದವು.

ಪಿಸಿ ಆವೃತ್ತಿಯ ಕಥೆಯೇ ಬೇರೆ. ಮೂಲ ಗೇಮ್ ಮಾಡಿದ್ದು ಲಂಡನ್ನಿನ ರಾಕ್‌ಸ್ಟೆಡಿ. ಪಿಸಿಗೆ ಹೊಂದಿಸುವ ಕೆಲಸ ಹೋಗಿದ್ದು ಹೊರಗಿನ ಸ್ಟುಡಿಯೊಗೆ. ತೆರೆಯ ಮೇಲೆ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ದಾಟದಂತೆ ಕಟ್ಟಿಹಾಕಿದ್ದರು. ಅದನ್ನು ಬಿಚ್ಚಬೇಕೆಂದರೆ ಫೋಲ್ಡರ್ ಒಳಗೆ ಹೋಗಿ ಸೆಟ್ಟಿಂಗ್ಸ್ ಫೈಲ್ ತಿದ್ದಬೇಕು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೂ ಕಾರು ಓಡಿಸುವಾಗ ತಡವರಿಕೆ. ಕನ್ಸೋಲ್‌ನಲ್ಲಿದ್ದ ಮಳೆಯ ಕೆಲವು ಎಫೆಕ್ಟ್‌ಗಳು ಇಲ್ಲಿ ಮಾಯ! ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಟಗಾರರು ಎಷ್ಟು ಬೈದರೆಂದರೆ, ವಾರ ಕಳೆಯುವ ಮೊದಲೇ ಗೇಮ್ ಹೊರತಂದ ಕಂಪನಿ ವಾರ್ನರ್ ಬ್ರದರ್ಸ್ ಪಿಸಿ ಮಾರಾಟವನ್ನೇ ನಿಲ್ಲಿಸಿತು. ವಿಮರ್ಶೆಗಳ ಅಂಕ ಸೇರಿಸಿ 100ಕ್ಕೆ ಸರಾಸರಿ ತೋರಿಸುವ ತಾಣ ಮೆಟಾಕ್ರಿಟಿಕ್‌ನಲ್ಲಿ ಪಿಎಸ್4ಗೆ 87 ಅಂಕ, ಪಿಸಿಗೆ 70. ಹೆಸರು ಒಂದೇ, ಮಾಲು ಬೇರೆ.

ಡಿಸ್ಕ್ ವಾಪಸ್ ಕೊಡಲು ಹೋದರೆ ಅಂಗಡಿಯವರು, “ಸರ್, ಕೋಡ್ ಹಾಕಿಬಿಟ್ಟಿದ್ದೀರಲ್ಲ, ತಗೊಳ್ಳೋಕಾಗಲ್ಲ” ಅಂದರು. ಡಿಸ್ಕ್ ಜೊತೆ ಬರುವ ಕೋಡನ್ನು ಸ್ಟೀಮ್‌ನಲ್ಲಿ ಹಾಕಿದರೆ ಮಾತ್ರ ಗೇಮ್ ತೆರೆಯುವುದು. ಕೋಡ್ ಹಾಕದೆ ಗೇಮ್ ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಸ್ಟೀಮ್‌ನಲ್ಲೇ ನೇರವಾಗಿ ಕೊಂಡವರು ಬಚಾವಾದರು. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಅನ್ನುವ ನಿಯಮ ಅದೇ ತಿಂಗಳು ಶುರುವಾಗಿತ್ತು. ಬೇರೆ ಕಡೆ ಕೊಂಡ ಕೋಡ್‌ಗೆ ಆ ನಿಯಮ ಅನ್ವಯಿಸುವುದಿಲ್ಲ, ಈಗಲೂ ಅಷ್ಟೇ. ಅಗ್ಗವೆಂದು ಎಲ್ಲೋ ಕೋಡ್ ಕೊಳ್ಳುವ ಮುಂಚೆ ಇದನ್ನು ನೆನಪಿಡಿ.

ಅಕ್ಟೋಬರ್ 28ಕ್ಕೆ ಪಿಸಿ ಆವೃತ್ತಿ ಮತ್ತೆ ಮಾರಾಟಕ್ಕೆ ಬಂತು. ಆಗಲೂ ವಿಂಡೋಸ್ 10 ಇದ್ದರೆ 12 ಜಿಬಿ ರ‍್ಯಾಮ್ ಇರಲಿ ಅಂತ ಕಂಪನಿಯೇ ಹೇಳಿತು! ದೂರು ನಿಲ್ಲದೆ, ಎಷ್ಟೇ ಹೊತ್ತು ಆಡಿದ್ದರೂ ವರ್ಷದ ಕೊನೆಯವರೆಗೆ ಸ್ಟೀಮ್‌ನಲ್ಲಿ ಹಣ ವಾಪಸ್ ಕೊಡುವುದಾಗಿ ಒಪ್ಪಿಕೊಂಡರು.

ಆದ್ದರಿಂದ ಅಂಕ ನೋಡುವ ಮೊದಲು ವಿಮರ್ಶೆಯಲ್ಲಿ ಯಾವ ಯಂತ್ರದಲ್ಲಿ ಆಡಿದ್ದು ಅಂತ ಹುಡುಕಿ. ಸಾಮಾನ್ಯವಾಗಿ ಕೊನೆಯಲ್ಲಿ ಸಣ್ಣಗೆ ಬರೆದಿರುತ್ತಾರೆ. ನಿಮ್ಮ ಯಂತ್ರದ ಹೆಸರು ಇಲ್ಲದಿದ್ದರೆ ಆ ಅಂಕ ನಿಮಗಲ್ಲ. ವಿಮರ್ಶೆಯೇ ಇಲ್ಲದಿದ್ದರೆ ಇನ್ನೂ ಅನುಮಾನಪಡಿ. 2024ರ ಫೆಬ್ರುವರಿಯಲ್ಲಿ ಇದೇ ರಾಕ್‌ಸ್ಟೆಡಿಯ ‘ಸುಸೈಡ್ ಸ್ಕ್ವಾಡ್: ಕಿಲ್ ದ ಜಸ್ಟಿಸ್ ಲೀಗ್’ ಬಂದಾಗ ಬಹಳಷ್ಟು ವಿಮರ್ಶಕರಿಗೆ ಮುಂಚೆ ಗೇಮ್ ಕೊಟ್ಟಿರಲಿಲ್ಲ. ಜಾಸ್ತಿ ದುಡ್ಡು ಕೊಟ್ಟು ಮೊದಲೇ ಆಡಲು ಕುಳಿತವರಲ್ಲಿ ಕೆಲವರಿಗೆ ಲಾಗಿನ್ ಆದ ಕೂಡಲೇ ಕಥೆ ಪೂರ್ತಿ ಮುಗಿದಿದೆ ಅಂತ ತೋರಿಸಿತು, ಸರಿಪಡಿಸಲು ಸರ್ವರ್ ಬಂದ್ ಮಾಡಬೇಕಾಯಿತು. ಆ ಗೇಮ್‌ನಿಂದ ವಾರ್ನರ್ ಲೆಕ್ಕಕ್ಕೆ ಬರೆದುಕೊಂಡ ನಷ್ಟ 20 ಕೋಟಿ ಡಾಲರ್.